ಎಡೆಗಿಟ್ಟ ಜಿಲೇಬಿ

“ಬದುಕಿದ್ದಾಗ ಹೆತ್ತವ್ವನ ಬಾಯಿಗೆ ಒಂದು ಚೂರು ಸಿಹಿ ಹಾಕದವನು, ಈಗ ಫೋಟೋಗೆ ಜಿಲೇಬಿ ಇಡ್ತಾನಂತೆ. ಥೂ, ನಾಚಿಕೆಯಾಗಲ್ವೇನೋ?”

ತಿಥಿಗೆ ಬಂದಿದ್ದ ನೆಂಟರೆಲ್ಲರ ಮುಂದೆ ಸೋದರಮಾವ ಅಂದ. ಎಡೆ ಇಡಲು ಕೂತಿದ್ದ ಮಗನ ಕೈ ಅಲ್ಲೇ ನಿಂತಿತು.

“ಅವ್ವಂಗೆ ಸಕ್ಕರೆ ಕಾಯಿಲೆ ಇತ್ತು ಮಾವ. ಮೊದಲು ಕಾಲಿನ ಬೆರಳು ಕುಯ್ದರು, ಆಮೇಲೆ ಪಾದ. ಮನೆಗೆ ಸಕ್ಕರೆ ತರೋದೇ ಬಿಟ್ಟೆ. ನಾನೂ ಸಪ್ಪೆ ಟೀನೇ ಕುಡಿದೆ. ಆದ್ರೂ ಶುಗರ್ ಯಾಕೆ ಇಳೀಲಿಲ್ವೋ ಗೊತ್ತಿಲ್ಲ. ಮನೇಲಿ ಏನು ತಿನ್ನಿಸ್ತಿದ್ದೀಯ ಅಂತ ಡಾಕ್ಟ್ರು ನನಗೇ ಉಗಿದ್ರು. ಇವತ್ತಾದ್ರೂ ತಿನ್ನಲಿ ಅಂತ ತಂದೆ.”

“ಡಾಕ್ಟ್ರಂತೆ, ಡಾಕ್ಟ್ರು! ಬಾಯಿ ಕಟ್ಟಿ ಕಟ್ಟಿ ಕೊಂದ್ಯಲ್ಲೋ ನನ್ನ ಅಕ್ಕನ್ನ.” ಮಾವ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. “ನಾನಿದ್ದೆ, ಬಚಾವು. ನೀನು ಕೆಲಸಕ್ಕೆ ಹೋದ ಮೇಲೆ ದಿನಾ ಜಿಲೇಬಿ ತಂದು ಕೊಡ್ತಿದ್ದೆ. ಮಗು ಥರ ತಿನ್ನೋಳು. ‘ಅವನಿಗೆ ಹೇಳಬೇಡ ಕಣೋ, ನೊಂದ್ಕೋತಾನೆ’ ಅನ್ನೋಳು.”

ಮಗ ಕೈಲಿದ್ದ ಜಿಲೇಬಿ ನೆಲದ ಮೇಲಿಟ್ಟು ಎದ್ದ.

“ಎಲ್ಲಿಗೆ ಹೊರಟ್ಯೋ? ಎಡೆ ಇಡೋರ್ಯಾರು?”

ಅವನು ಬಾಗಿಲು ದಾಟಿ ನಡೆದ.