ಕಂಬಳಿ ಅಸ್ತರಿನ ಚೀಲ

ಫ್ರೀಜರಿನ ಬಾಗಿಲು ತೆರೆದದ್ದೇ ಬಿಳಿ ಹಬೆ ಹಂಪಕ್ಕನ ಮುಖಕ್ಕೆ ಹೊಡೆಯಿತು. ಲ್ಯಾಬಿನ ಮಂಜುಳ ದಪ್ಪ ಕೈಗವಸಿನಲ್ಲಿ ಬೆರಳುದ್ದದ ಕೊಳವೆಯೊಂದನ್ನು ಎತ್ತಿ ತೋರಿಸಿದಳು. ತಳದಲ್ಲಿ ಕಡಲೆಕಾಳಿನಷ್ಟು ಗಡ್ಡೆಯ ಚೂರಿತ್ತು. ಹೋದ ವರ್ಷ ಹಂಪಕ್ಕನ ಗಂಡ ಹನುಮೇಶನ ಮೆದುಳಿನಿಂದ ತೆಗೆದದ್ದು. ಸಂಶೋಧನೆಗೆ ಇಟ್ಟುಕೊಳ್ಳಿ ಎಂದು ಅವನೇ ಒಪ್ಪಿದ್ದ. ಅವನನ್ನು ರಾಯದುರ್ಗದಲ್ಲಿ ಮಣ್ಣು ಮಾಡಿಯಾಗಿತ್ತು. ಬೆಂಗಳೂರಿನಲ್ಲಿ ಇದಿಷ್ಟು ಉಳಿದಿತ್ತು. ಒಂದು ಸಲ ತೋರಿಸಿ ಎಂದು ದುಂಬಾಲು ಬಿದ್ದು ಹಂಪಕ್ಕ ಬಂದಿದ್ದಳು.

ಸೊಂಟದಿಂದ ಅವಳು ಪುಟ್ಟ ಚೀಲವೊಂದನ್ನು ತೆಗೆದಳು. ತಾನು ದುಡಿಯುವ ಗಾರ್ಮೆಂಟ್ಸಿನಲ್ಲಿ ಉಳಿದ ಜೀನ್ಸ್ ಚೂರಿಗೆ ಒಳಗೆ ಅವನ ಕಂಬಳಿಯ ತುಂಡನ್ನು ಅಸ್ತರು ಕೊಟ್ಟು ಹೊಲಿದಿದ್ದಳು.

"ಇದರಾಗ ಇಡ್ರಿ ಮೇಡಂ. ನಮ್ಮ ಮನಿಯವ್ರಿಗೆ ಥಂಡಿ ತಡ್ಯಾಕ ಆಗಂಗಿಲ್ಲ. ಬ್ಯಾಸಗ್ಯಾಗೂ ಕಂಬಳಿ ಹೊದ್ಕಂತಿದ್ರು. ನೀವೇನ್ ಕುರಿಯೇನ್ರಿ ಅಂತ ನಾನೇ ನಗಾಡ್ತಿದ್ದೆ."

ಮಂಜುಳ ರಾಯದುರ್ಗದಂಥದೇ ಗಡಿ ಊರಾದ ಮಡಕಶಿರಾ ಕಡೆಯವಳು, ಕಂಬಳಿಯ ಬೆಲೆ ಬಲ್ಲವಳು. ನಗಲಿಲ್ಲ. "ಬೆಚ್ಚಗೆ ಇಡಂಗಿಲ್ಲ ಕಣಕ್ಕ. ಇದ್ರೊಳಗೆ ಆರ್‌ಎನ್‌ಎ ಅಂತ ಸಣ್ಣ ಸಣ್ಣ ಎಳೆ ಅವೆ. ಗಡ್ಡೆ ಯಾಕೆ ಹಂಗೆ ಬೆಳೀತು ಅಂತ ಅವನ್ನ ನೋಡಿ ಹುಡುಕ್ಬೇಕು. ಕಾವು ತಾಗಿದ್ರೆ ಅವು ಹಾಳಾಗೋಯ್ತವೆ."

"ಒಂದ್ಸಲ ಮುಟ್ಲೇನ್ರಿ?"

ಮಂಜುಳ ಕೊಳವೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಂಪಕ್ಕನ ಬೆರಳು ಅದರ ಹತ್ತಿರ ಹೋಯಿತು. ಇನ್ನೇನು ತಾಗಬೇಕು ಎನ್ನುವಾಗ ನಿಂತಿತು. ಅವಳು ಆ ಕೈಯನ್ನು ಹಿಂದಕ್ಕೆಳೆದು ಚೀಲದೊಳಗೆ ತುರುಕಿಕೊಂಡಳು.

"ಲಗೂನ ಬಾಗ್ಲಾ ಹಾಕ್ರಿ," ಎಂದಳು. "ಥಂಡಿ ಎಲ್ಲಾ ಹೊರಗ ಹೊಂಟೈತಿ."