ಕಟ್ಟೆಗೊಂದು ಕಾವಲು

ಕುಂದಾಪುರದ ಕಡೆಯ ಊರುಗಳನ್ನು ಸಮುದ್ರ ನುಂಗಿದ ಮೇಲೆ ಅಲ್ಲಿಯವರೆಲ್ಲ ಬಯಲುಸೀಮೆಯಲ್ಲಿ ಚದುರಿಹೋಗಿದ್ದರು. ಅವರು ಮಾತಾಡಿಕೊಳ್ಳುತ್ತಿದ್ದ 'ಕಟ್ಟೆ' ಎಂಬ ಜಾಲತಾಣವನ್ನು ಸರ್ಕಾರ ನಿಲ್ಲಿಸಿತ್ತು. ಬರಹಗಳನ್ನು ಪರೀಕ್ಷಿಸಿ ಪ್ರಕಟಣೆಗೆ ಬಿಡುವ ಯಂತ್ರದ ಕಾವಲು ಅದಕ್ಕಿಲ್ಲ ಎಂಬುದು ಕಾರಣ.

ಅಂಥ ಕಾವಲಿರುವ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಮೂರು ಮುಕ್ತ ತಂತ್ರಾಂಶಗಳನ್ನು, ಕಟ್ಟೆಯನ್ನು ನೋಡಿಕೊಳ್ಳುತ್ತಿದ್ದ ರತ್ನಾಕರ ಹುಡುಕಿ ತಂದ. ಮೂರಕ್ಕೂ ಊರವರನ್ನು ಸೇರಿಸಿ ಜಲಜಕ್ಕನ ಮುಂದಿಟ್ಟ.

"ಎಂತಾರೂ ಬರಿ, ಅಕ್ಕ."

ಜಲಜಕ್ಕನಿಗೆ ಹೇಳುವುದಿತ್ತು. "ಅಬ್ಬಿ ನಿನ್ನೆ ತೀರಿ ಹೋಯ್ತ್. ಬಪ್ಪುಕ್ ಯಾರಿಗಾರೂ ಆತ್ತಾ?" ಎಂದು ಮೂರರಲ್ಲೂ ಬರೆದಳು.

ಮೊದಲನೆಯದು ಅರ್ಥವಿಲ್ಲದ ಬರಹವೆಂದು ಅಳಿಸಿತು. ಎರಡನೆಯದು ಅನುಮಾನಾಸ್ಪದ ಭಾಷೆಯೆಂದು ತಡೆಹಿಡಿಯಿತು. ಮೂರನೆಯದು ತಕ್ಷಣ ಪ್ರಕಟಿಸಿತು: "ನನ್ನ ತಾಯಿ ನಿನ್ನೆ ನಿಧನರಾದರು. ಯಾರಿಗಾದರೂ ಬರಲು ಸಾಧ್ಯವೇ?"

"ಇದ್ ನಾನ್ ಬರ್ದದ್ದಲ್ಲ. ಮುಕ್ತ ಅಂದ್ಯಲ, ತಿದ್ದುಕ್ ಆತಿಲ್ಯಾ?"

"ತಂತ್ರಾಂಶ ತಿದ್ದುಕ್ ಆತ್ತ್, ಅಕ್ಕ. ಯಂತ್ರಕ್ಕೆ ನಮ್ ಮಾತ್ ಕಲಿಸ್ಕ್ ಅಂದ್ರೆ ರಾಶಿ ರಾಶಿ ಬರಹ ಬೇಕ್. ನಮ್ದನ್ನ ಯಾರ್ ಬರ್ದಿಟ್ಟಿದ್ರ್?"

ಅಷ್ಟರಲ್ಲಿ ಉತ್ತರಗಳು ಬರತೊಡಗಿದವು. "ನಿಮ್ಮ ದುಃಖದಲ್ಲಿ ನಾವೂ ಭಾಗಿ" ಎಂದಿದ್ದ ಚಿಕ್ಕಪ್ಪ. ಬಾಯಿ ತೆರೆದರೆ ಬೈಗುಳವೇ ಬರುತ್ತಿದ್ದ ಸಿಂಗಾರಿಯದೂ ಅದೇ ಸಾಲು. ಯಾರು ನಿಜಕ್ಕೂ ಅಳುತ್ತಿದ್ದಾರೆಂದು ಜಲಜಕ್ಕನಿಗೆ ತಿಳಿಯಲಿಲ್ಲ. ಬರುತ್ತೇನೆಂದು ಯಾರೂ ಬರೆದಿರಲಿಲ್ಲ.

"ಇದೇ ಇರ್ಲಿ," ಎಂದಳು. "ಉಳ್ದದ್ರಲ್ಲಿ ಇಷ್ಟೂ ಇಲ್ಲ್ಯಲೆ."

ಬಹಳ ಹೊತ್ತು ಯೋಚಿಸಿ, ಒಂದೊಂದೇ ಅಕ್ಷರ ಒತ್ತಿ, "ತಮ್ಮೆಲ್ಲರಿಗೂ ಧನ್ಯವಾದಗಳು" ಎಂದು ಬರೆದಳು.

ಅದರಲ್ಲಿ ಯಂತ್ರ ಏನನ್ನೂ ತಿದ್ದಲಿಲ್ಲ.