ಮರಿಗಳ ಹಸಿವಿನ ಬಳೆ

ಮರಿಗಳ ಹಸಿವನ್ನು ಸಾಕುವವರ ಹೊಟ್ಟೆಗೇ ಮುಟ್ಟಿಸುವ ಬಳೆ ಬಂದ ಮೇಲೆ ದ್ಯಾಮವ್ವ ನುಚ್ಚು ಅಳೆಯುವುದನ್ನೇ ಬಿಟ್ಟಿದ್ದಳು. ತನ್ನ ಹೊಟ್ಟೆ ತಣ್ಣಗಾದರೆ ಕೋಳಿಮರಿಗಳಿಗೂ ಸಾಕಾಯಿತೆಂದೇ ಅರ್ಥ. ಒಂದು ಕಾಳೂ ದಂಡವಾಗುತ್ತಿರಲಿಲ್ಲ.

ಇವತ್ತು ಮಾತ್ರ ಮೂರು ಬೋಗುಣಿ ಸುರಿದರೂ ಹೊಟ್ಟೆಯ ಚುರುಚುರು ನಿಲ್ಲಲಿಲ್ಲ. ಹೀಗಾದರೆ ತಿಂಗಳ ನುಚ್ಚು ವಾರಕ್ಕೇ ಮುಗಿಯುತ್ತದೆಂದು ಅವಳಿಗೆ ದಿಗಿಲಾಯಿತು.

"ಬೆಳಿಯೋ ಮರಿ ನೋಡ್ರಿ ಅತ್ತಿ, ಎಷ್ಟ್ ಹಾಕಿದ್ರೂ ಸಾಲವಲ್ದು."

ಅತ್ತೆ ಗಂಗವ್ವ ಒಂದು ಮರಿಯನ್ನೆತ್ತಿ ಕೊರಳ ಬುಡ ಮುಟ್ಟಿ ನೋಡಿದಳು. ನುಚ್ಚು ತುಂಬಿ ಗಟ್ಟಿಯಾಗಿತ್ತು. ಉಳಿದವು ನುಚ್ಚಿನ ಮೇಲೆಯೇ ತೂಕಡಿಸುತ್ತಿದ್ದವು.

"ಬಳಿ ತಗಿ."

ಬಳೆ ತೆಗೆದರೂ ಹಸಿವು ಹೋಗಲಿಲ್ಲ. ಮುಂಜಾನೆಯಿಂದ ತಾನೇ ಏನೂ ತಿಂದಿಲ್ಲವೆಂದು ಆಗ ನೆನಪಾಗಿ ದ್ಯಾಮವ್ವ ನಕ್ಕುಬಿಟ್ಟಳು.

ಗಂಗವ್ವ ರೊಟ್ಟಿಯ ಬುಟ್ಟಿ ತಂದು ಮುಂದಿಟ್ಟಳು. "ಉಣ್ಣು. ಈ ಮರಿಗೆ ಅಳತಿ ಇಲ್ಲ."